ನಾಲಿಗೆಗೆ ಸಿಗದ ರಕ್ಕಸರು: ಮೇಜಿನಾಟದ ವಿಚಿತ್ರ ಜೀವಿಗಳ ಹೆಸರನ್ನು ಉಚ್ಚರಿಸುವ ಬಗೆ

ಪುಸ್ತಕದಲ್ಲಿ ಓದುವಾಗ ಯಾವ ಹೆಸರೂ ಕಷ್ಟವೆನಿಸುವುದಿಲ್ಲ. ಕಣ್ಣು ಅದರ ಆಕಾರವನ್ನು ಗುರುತಿಸಿ ಮುಂದಕ್ಕೆ ಸರಿಯುತ್ತದೆ. ಅದೇ ಹೆಸರನ್ನು ನಾಲ್ಕು ಜನರ ಎದುರು ಗಟ್ಟಿಯಾಗಿ ಹೇಳಬೇಕಾದಾಗ ನಾಲಿಗೆ ತಡವರಿಸುತ್ತದೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಮತ್ತು ಅದರ ಜಾತಿಯ ಮೇಜಿನಾಟಗಳನ್ನು ಆಡುವವರಿಗೆ ಇದು ಪ್ರತಿ ಕೂಟದಲ್ಲಿಯೂ ಎದುರಾಗುವ ಪೇಚು. ಲಿಚ್, ಡ್ರೌ, ಕೋಆಟ್ಲ್, ಗಿತ್‌ಯಾಂಕಿ, ಟರಾಸ್ಕ್ ಮೊದಲಾದ ಹೆಸರುಗಳು ಇಂಗ್ಲಿಷ್ ಮಾತೃಭಾಷೆಯಾಗಿರುವವರನ್ನೂ ಬಿಡದೆ ಕಾಡುತ್ತವೆ.

ಆಟದ ಪರಿಚಯವಿಲ್ಲದ ಓದುಗರಿಗಾಗಿ ಒಂದು ಮಾತು. ಇದು ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ತಲಾ ಒಂದೊಂದು ಪಾತ್ರವನ್ನು ವಹಿಸಿಕೊಂಡು, ಮಾತಿನಲ್ಲಿಯೇ ಕಥೆ ಕಟ್ಟುವ ಆಟ. ಡಂಜನ್ ಮಾಸ್ಟರ್ ಎಂದು ಕರೆಯಲಾಗುವ ನಿರ್ವಾಹಕರು ಎದುರಾದ ಕಾಡು, ಗುಹೆ, ಮೃಗಗಳನ್ನು ಬಣ್ಣಿಸುತ್ತಾರೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಿ ದಾಳ ಉರುಳಿಸುತ್ತಾರೆ. ಇಲ್ಲಿ ತೆರೆಯ ಮೇಲಿನ ಚಿತ್ರವಿಲ್ಲ, ವೇಷಭೂಷಣವೂ ಇಲ್ಲ. ಎದುರಿಗೆ ಬಂದ ಜೀವಿ ಕೇಳುಗರ ಮನಸ್ಸಿನಲ್ಲಿ ಮೂಡುವುದು ಹೆಸರಿನ ಮತ್ತು ವರ್ಣನೆಯ ಬಲದಿಂದ ಮಾತ್ರ.

ಆದ್ದರಿಂದಲೇ ಉಚ್ಚಾರಣೆಯ ಅಳುಕು ಇಲ್ಲಿ ಸಣ್ಣ ವಿಷಯವಲ್ಲ. ಹೆಸರು ತಪ್ಪಾದರೆ ನಕ್ಕಾರೆಂಬ ಭಯದಿಂದ ಹೊಸಬರು ಸುಮ್ಮನೆ ಕುಳಿತುಬಿಡುವುದುಂಟು. ಹೆಸರಿರುವ ಜೀವಿಯನ್ನು ‘ಆ ಮೀನುಮೋರೆಯದು’ ಎಂದು ಬೆರಳು ತೋರಿಸಿ ಆಟ ಮುಗಿಸುವುದೂ ಉಂಟು. ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಈ ಆಟವಾಡುವ ಕನ್ನಡಿಗರಿಗಾಗಲಿ, ಹೊರದೇಶಗಳಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಿಗಾಗಲಿ ಈ ಸಂಕೋಚ ಇಮ್ಮಡಿ. ‘ಸರಿಯಾದ ಉಚ್ಚಾರಣೆ’ ಎಂಬುದು ಎಲ್ಲ ಹೆಸರುಗಳಿಗೂ ಒಂದೇ ಅರ್ಥದಲ್ಲಿ ಅನ್ವಯಿಸುವುದಿಲ್ಲವೆಂಬುದು ತಿಳಿದರೆ ಈ ಸಂಕೋಚದ ಬಹುಪಾಲು ತಾನಾಗಿಯೇ ಕರಗುತ್ತದೆ.

ಹೆಸರುಗಳ ಹಿನ್ನೆಲೆ

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟವನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದರು. 1974ರಲ್ಲಿ ಅದು ಟಿಎಸ್ಆರ್ ಸಂಸ್ಥೆಯಿಂದ ಪ್ರಕಟವಾಯಿತು. ಜೀವಿಗಳನ್ನೆಲ್ಲ ಒಂದೆಡೆ ಕಲೆಹಾಕಿದ ‘ಮಾನ್‌ಸ್ಟರ್ ಮ್ಯಾನ್ಯುಯಲ್’ 1977ರಲ್ಲಿ ಬಂದಿತು. ಗ್ರೀಕ್ ಪುರಾಣ, ಅರಬ್ಬೀ ಕಥೆಗಳು, ಐರಿಷ್ ಜನಪದ, ಭಾರತೀಯ ಪುರಾಣ, ಮೆಕ್ಸಿಕೋದ ದೇವತೆಗಳು, ಅಂದಿನ ದೂರದರ್ಶನ ಸರಣಿಗಳು, ಕೊನೆಗೆ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳಿಂದಲೂ ಲೇಖಕರು ಜೀವಿಗಳನ್ನು ತಂದರು. ಎರವಲು ತಂದ ಹೆಸರುಗಳ ಮೂಲ ಧ್ವನಿಯನ್ನು ವಿವರಿಸುವ ಗೋಜಿಗೆ ಅವರು ಹೋಗಲಿಲ್ಲ.

ಆಟಗಾರರ ಗೊಂದಲ ಎಷ್ಟಿತ್ತೆಂದರೆ, ಟಿಎಸ್ಆರ್‌ನ ‘ಡ್ರಾಗನ್’ ಮಾಸಪತ್ರಿಕೆಯ 93ನೆಯ ಸಂಚಿಕೆಯಲ್ಲಿ, 1985ರ ಜನವರಿಯಲ್ಲಿ, ಫ್ರಾಂಕ್ ಮೆಂಟ್ಜರ್ ಅವರು ಉಚ್ಚಾರಣೆಯ ಕೈಪಿಡಿಯನ್ನೇ ಪ್ರಕಟಿಸಬೇಕಾಯಿತು. ಆ ಲೇಖನದ ಶೀರ್ಷಿಕೆಯನ್ನೂ ಅವರು ಕಾಗುಣಿತ ಬಿಟ್ಟು ಉಚ್ಚಾರಣೆಯಂತೆಯೇ ಬರೆದಿದ್ದರು. ಆಟ ಹುಟ್ಟಿ ಹನ್ನೊಂದನೆಯ ವರ್ಷಕ್ಕೆ ಬಂದ ಕೈಪಿಡಿ ಅದು. ಅಷ್ಟರಲ್ಲಿ ಊರೂರಿನ ಮೇಜುಗಳಲ್ಲಿ ಬೇರೆ ಬೇರೆ ಉಚ್ಚಾರಣೆಗಳು ಬೇರೂರಿದ್ದವು.

ಕೇಶಿರಾಜನ ದಾರಿ

ಈ ಹೆಸರುಗಳನ್ನು ವಿಂಗಡಿಸಲು ಕನ್ನಡ ವ್ಯಾಕರಣವೇ ಒಂದು ಅಳತೆಗೋಲನ್ನು ಕೊಡುತ್ತದೆ. ಪರಭಾಷೆಯ ಪದ ರೂಪ ಬದಲಿಸದೆ ಬಂದರೆ ತತ್ಸಮ, ನಮ್ಮ ನಾಲಿಗೆಗೆ ಒಗ್ಗಿ ರೂಪ ಬದಲಿಸಿದರೆ ತದ್ಭವ, ಈ ನೆಲದಲ್ಲಿಯೇ ಹುಟ್ಟಿದ್ದರೆ ದೇಶ್ಯ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ರಾಕ್ಷಸ ತತ್ಸಮ, ರಕ್ಕಸ ತದ್ಭವ. ಯಕ್ಷ ತತ್ಸಮ, ಜಕ್ಕ ತದ್ಭವ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾರ್ಪಾಡುಗಳಿಗೆಂದೇ ಅಪಭ್ರಂಶ ಪ್ರಕರಣವನ್ನು ಮೀಸಲಿಟ್ಟ. ರಕ್ಕಸ ಎಂದವನನ್ನು ತಪ್ಪುಗಾರನೆಂದು ಕನ್ನಡ ವ್ಯಾಕರಣ ಕರೆಯಲಿಲ್ಲ. ಬದಲಾವಣೆಯ ನಿಯಮವನ್ನು ಹುಡುಕಿತು.

ಮೇಜಿನಾಟದ ಹೆಸರುಗಳಲ್ಲಿಯೂ ಮೂರು ಬಗೆಗಳಿವೆ. ಜೀವಂತ ಭಾಷೆಯಿಂದ ಬಂದು ಮೂಲದ ಉಚ್ಚಾರಣೆಯನ್ನು ಇಂದಿಗೂ ಕೇಳಿ ತಿಳಿಯಬಹುದಾದವು ಮೊದಲನೆಯವು. ಇಂಗ್ಲಿಷ್ ನಾಲಿಗೆಯಲ್ಲಿ ಶತಮಾನಗಳಿಂದ ಉರುಳಿ ಬೇರೆ ರೂಪ ತಳೆದು, ಆ ರೂಪವೇ ನಿಘಂಟಿನಲ್ಲಿ ನೆಲೆನಿಂತವು ಎರಡನೆಯವು. ಲೇಖಕರು ಸ್ವತಃ ಸೃಷ್ಟಿಸಿದವು ಮೂರನೆಯವು. ಒಂದೊಂದಕ್ಕೂ ಪ್ರಮಾಣ ಬೇರೆ. ಮೊದಲನೆಯದಕ್ಕೆ ಆ ಭಾಷೆಯನ್ನಾಡುವ ಜನ, ಎರಡನೆಯದಕ್ಕೆ ಇಂಗ್ಲಿಷ್ ನಿಘಂಟು, ಮೂರನೆಯದಕ್ಕೆ ಲೇಖಕ. ಲೇಖಕ ಏನನ್ನೂ ಹೇಳಿರದಿದ್ದರೆ ಆಡುವ ಮೇಜೇ ಪ್ರಮಾಣ.

ನಮ್ಮ ಮನೆಯ ಹೆಸರುಗಳು

ರಾಕ್ಷಸನಿಂದಲೇ ಆರಂಭಿಸೋಣ. 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿಯೇ ಈ ಜೀವಿಗೆ ಸ್ಥಾನ ದೊರೆತಿದೆ. ಆದರೆ ಆಟದ ರಾಕ್ಷಸ ನಾವು ಬಲ್ಲವನಲ್ಲ. ಸಾಮಾನ್ಯವಾಗಿ ಹುಲಿಯ ತಲೆ, ಶ್ರೀಮಂತರ ಉಡುಪು, ಹಿಂದುಮುಂದಾಗಿ ತಿರುಗಿದ ಅಂಗೈ. ನಂಬಿದವರ ರೂಪ ತಾಳಿ ಬಂದು ವಂಚಿಸುವ ಗುಣ. ಈ ಕೊನೆಯ ಗುಣ ‘ಕೋಲ್ಚಾಕ್: ದಿ ನೈಟ್ ಸ್ಟಾಕರ್’ ಎಂಬ 1974-75ರ ಅಮೆರಿಕನ್ ದೂರದರ್ಶನ ಸರಣಿಯ ಒಂದು ಕಂತಿನಿಂದ ಬಂದದ್ದು. ಯಕ್ಷಗಾನದ ಬಣ್ಣದ ವೇಷವನ್ನು ಕಂಡು ಬೆಳೆದವರಿಗೆ ಈ ಹುಲಿಮೋರೆ ಅಪರಿಚಿತವೇ ಸರಿ.

ಇಂಗ್ಲಿಷ್ ಮೇಜುಗಳಲ್ಲಿ ಇದನ್ನು ಬಹುತೇಕ ‘ರಕ್‌ಶಾಸ’ ಎನ್ನುತ್ತಾರೆ. ಮೊದಲ ಅಕ್ಷರ ಗಿಡ್ಡವಾಗಿ, ನಡುವಿನದು ಉದ್ದವಾಗುತ್ತದೆ. ‘ಬನಾನಾ’ದಂತಹ, ಆಕಾರದಲ್ಲಿ ಮುಗಿಯುವ ಮೂರಕ್ಷರದ ಎರವಲು ಪದಗಳಲ್ಲಿ ನಡುವಿನ ಅಕ್ಷರವನ್ನು ಒತ್ತುವುದು ಇಂಗ್ಲಿಷಿನ ಸಾಮಾನ್ಯ ಅಭ್ಯಾಸ. ಛಂದಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ ಗುರು-ಲಘು-ಲಘುವಾದ ಭಗಣ ಅವರ ಬಾಯಲ್ಲಿ ಗುರು-ಗುರು-ಲಘುವಾದ ತಗಣವಾಗುತ್ತದೆ. ಕನ್ನಡಿಗರು ಅದಕ್ಕೆ ತಮ್ಮ ಉಚ್ಚಾರಣೆಯನ್ನು ಬಗ್ಗಿಸಿಕೊಳ್ಳುವ ಅಗತ್ಯ ಖಂಡಿತ ಇಲ್ಲ. ಈ ಪದದ ಮಟ್ಟಿಗೆ ಪ್ರಮಾಣವಾಗಿ ನಿಲ್ಲಬಲ್ಲವರು ನಾವೇ. ‘ರಾಕ್ಷಸ’ ಎಂದು ನಿಸ್ಸಂಕೋಚವಾಗಿ ಹೇಳಬಹುದು. ಕೇಳಿದವರಿಗೆ ‘ರಾ’ವನ್ನು ಎಳೆದು ಉಳಿದೆರಡನ್ನು ಹಗುರವಾಗಿ ಬಿಡಬೇಕೆಂದು ತಿಳಿಸಬಹುದು.

ನಾಗ, ದೇವ, ಮರುತ್ ಎಂಬ ಹೆಸರುಗಳೂ ಆಟದಲ್ಲಿವೆ. ಮನುಷ್ಯ ಮುಖದ ಹಾವು ನಾಗ. ದೇವ ಎಂಬುದು ರೆಕ್ಕೆಯುಳ್ಳ ದೇವದೂತರ ಒಂದು ವರ್ಗ. ಋಗ್ವೇದದ ಮರುದ್ಗಣಗಳ ಹೆಸರು ಹೊತ್ತ ಮರುತ್ ಆಟದಲ್ಲಿ ನಿಯಮಪಾಲನೆಗಾಗಿ ನಿರ್ಮಿತವಾದ ಯಂತ್ರಸದೃಶ ಜೀವಿ. ಇಂಗ್ಲಿಷಿಗೆ ದಕಾರ-ಡಕಾರಗಳ ಭೇದವಿಲ್ಲದ ಕಾರಣ ‘ದೇವ’ ‘ಡೇವ’ ಆಗುತ್ತದೆ. ಅದನ್ನು ಇಂಗ್ಲಿಷಿನ ತದ್ಭವವೆಂದು ತಿಳಿದರೆ ಸಾಕು.

ಯುರೋಪಿನ ಹಳೆಯ ನುಡಿಗಳು

ಅತಿ ಹೆಚ್ಚು ಚರ್ಚೆಗೆ ಒಳಗಾಗುವ ಹೆಸರು ‘ಲಿಚ್’. ಸಾವನ್ನು ಮಂತ್ರಬಲದಿಂದ ವಂಚಿಸಿ ಶವರೂಪದಲ್ಲಿ ಬದುಕುಳಿದ ಮಾಂತ್ರಿಕ ಇವನು. ‘ಲಿಕ್’, ‘ಲೈಕ್’, ‘ಲಿಶ್’ ಎನ್ನುವವರೆಲ್ಲ ಇದ್ದಾರೆ. ಮೂಲ ಪದ ಹಳೆಯ ಇಂಗ್ಲಿಷಿನದು, ಅರ್ಥ ಶವ. ಜರ್ಮನ್ ಭಾಷೆಯ ‘ಲೈಖೆ’ ಇದರ ಸೋದರ ಪದ. ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಶವಪೆಟ್ಟಿಗೆಯನ್ನು ಪಾದ್ರಿ ಬರುವವರೆಗೆ ಇಳಿಸುತ್ತಿದ್ದ ಸೂರುಳ್ಳ ಬಾಗಿಲಿಗೆ ಇಂದಿಗೂ ‘ಲಿಚ್‌ಗೇಟ್’ ಎಂಬ ಹೆಸರಿದೆ. ನಿಘಂಟು ‘ಲಿಚ್’ ಎನ್ನುತ್ತದೆ. ಇಲ್ಲಿ ವಾದಕ್ಕೆ ಎಡೆಯಿಲ್ಲ.

‘ವೈಟ್’ ಕೂಡ ಹಳೆಯ ಇಂಗ್ಲಿಷಿನದು. ಕಾಗುಣಿತದಲ್ಲಿ ನಡುವೆ ಕಾಣುವ ಜಿ ಮತ್ತು ಎಚ್ ಅಕ್ಷರಗಳು ರಾತ್ರಿ ಎಂಬರ್ಥದ ‘ನೈಟ್’ ಪದದಲ್ಲಿರುವಂತೆ ಮೌನ. ಎರಡು ಕಾಲಿನ ರೆಕ್ಕೆಯ ಸರ್ಪ ‘ವೈವರ್ನ್’; ‘ವಿವರ್ನ್’ ಅಲ್ಲ. ಗ್ರೀಕ್ ಮೂಲದ ಹೆಸರುಗಳಲ್ಲಿ ಸಿ ಮತ್ತು ಎಚ್ ಜೊತೆಗೂಡಿದರೆ ಕಕಾರ. ಆದ್ದರಿಂದ ಸಿಂಹ, ಮೇಕೆ, ಸರ್ಪಗಳು ಬೆರೆತ ಜೀವಿ ‘ಕೈಮೀರ’, ‘ಚಿಮೆರಾ’ ಅಲ್ಲ. ಸೇಡಿನ ದೇವತೆಗಳಾದ ‘ಎರಿನಿಈಸ್’ ಹೆಸರಿನಲ್ಲಿ ಕೊನೆಯ ಭಾಗವನ್ನು ನುಂಗಬಾರದು. ಅದು ನಾಲ್ಕು ಭಾಗಗಳ ಪದ.

ಭೂಗರ್ಭವಾಸಿ ಕಪ್ಪು ಎಲ್ಫ್‌ಗಳಾದ ‘ಡ್ರೌ’ಗಳ ಹೆಸರಿನ ಬಗ್ಗೆ ಎರಡು ಪಕ್ಷಗಳಿವೆ. ಹಸುವಿನ ಇಂಗ್ಲಿಷ್ ಪದ ‘ಕೌ’ಗೆ ಪ್ರಾಸವಾಗಿ ‘ಡ್ರೌ’ ಎಂಬುದು ಬಹುಜನರ ರೂಢಿ. ಸಾಲು ಎಂಬರ್ಥದ ‘ರೋ’ಗೆ ಪ್ರಾಸವಾಗಿ ‘ಡ್ರೋ’ ಎನ್ನುವವರೂ ಇದ್ದಾರೆ. ಸ್ಕಾಟ್ಲೆಂಡಿನ ಉತ್ತರದ ದ್ವೀಪಗಳ ಜನಪದದಲ್ಲಿ ‘ಟ್ರೌ’ ಎಂಬ ಕಿರುಭೂತಗಳಿವೆ. ಡ್ರೌ ಅದರ ಇನ್ನೊಂದು ರೂಪ. ಕುಬ್ಜರಾದ ‘ಡ್ವೆರ್ಗಾರ್’ಗಳ ಹೆಸರು ಉತ್ತರ ಇಂಗ್ಲೆಂಡಿನ ಜನಪದದ್ದು. ಪ್ರಾಚೀನ ನಾರ್ಸ್ ಭಾಷೆಯಲ್ಲಿ ಕುಬ್ಜರಿಗಿದ್ದ ಬಹುವಚನ ರೂಪ ಅದಕ್ಕೆ ಮೂಲ. ‘ಡೂಅರ್ಗಾರ್’ ಎಂದು ಬಿಡಿಸಿ ಹೇಳುವ ರೂಢಿಯೂ ಇದೆ.

ಆಟದ ಅತಿ ಭಯಂಕರ ಮೃಗಗಳಲ್ಲೊಂದಾದ ‘ಟರಾಸ್ಕ್’ ಫ್ರಾನ್ಸಿನಿಂದ ಬಂದದ್ದು. ದಕ್ಷಿಣ ಫ್ರಾನ್ಸಿನ ತಾರಸ್ಕೋ ಪಟ್ಟಣವನ್ನು ಕಾಡುತ್ತಿದ್ದ ಮೃಗವನ್ನು ಸಂತ ಮಾರ್ಥಾ ಪಳಗಿಸಿದಳೆಂಬುದು ಐತಿಹ್ಯ. ಅದರ ಬೃಹತ್ ಪ್ರತಿಮೆಯನ್ನು ಆ ಊರಿನಲ್ಲಿ ಮೆರವಣಿಗೆ ಮಾಡುತ್ತಾರೆ. ಫ್ರಾನ್ಸ್ ಮತ್ತು ಬೆಲ್ಜಿಯಂನ ಇಂಥ ಮೆರವಣಿಗೆಗಳನ್ನು ಯುನೆಸ್ಕೋ 2008ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆಸರಿನ ಕೊನೆಯಲ್ಲಿ ಕಾಣುವ ಕ್ಯೂ-ಯು-ಇ ಅಕ್ಷರಗಳು ಕೇವಲ ‘ಕ್’. ‘ಟರಾಸ್ಕ್ಯೂ’ ಎನ್ನಬಾರದು.

ಐರಿಷ್ ಹೆಸರುಗಳ ಮಾಯೆ

ಕಾಗುಣಿತ ಕಂಡು ಅತಿ ಹೆಚ್ಚು ಮೋಸಹೋಗುವುದು ಐರಿಷ್ ಭಾಷೆಯಲ್ಲಿ. 1995ರಲ್ಲಿ ಬಂದ ‘ಚೇಂಜ್‌ಲಿಂಗ್: ದಿ ಡ್ರೀಮಿಂಗ್’ ಆಟದ ಕಿನ್ನರ ಕುಲವೊಂದರ ಹೆಸರನ್ನು ಅಕ್ಷರಕ್ಕಕ್ಷರ ಓದಿದರೆ ‘ಸಿಧೆ’ ಎನಿಸುತ್ತದೆ. ಸರಿಯಾದ ಉಚ್ಚಾರಣೆ ‘ಶೀ’. ಇಕಾರದ ಪಕ್ಕದ ಎಸ್ ಅಕ್ಷರಕ್ಕೆ ಐರಿಷ್‌ನಲ್ಲಿ ಶಕಾರದ ಧ್ವನಿ. ಡಿ-ಎಚ್ ಜೋಡಿ ಇಲ್ಲಿ ಮೌನ. ಅದೇ ಆಟದ ‘ಸ್ಲೂಅ’ ಎಂಬ ಕುಲದ ಹೆಸರಿನಲ್ಲಿ ಕೊನೆಯ ಜಿ-ಎಚ್ ಕೇಳಿಸುವುದಿಲ್ಲ.

ಸಾವನ್ನು ಮುನ್ಸೂಚಿಸಿ ರೋದಿಸುವ ‘ಬ್ಯಾನ್‌ಶೀ’ ಹೆಸರನ್ನು ಯಾರೂ ತಪ್ಪಾಗಿ ಹೇಳುವುದಿಲ್ಲವೆಂಬುದು ಗಮನಾರ್ಹ. ಅದರಲ್ಲಿರುವ ‘ಶೀ’ ಮೇಲೆ ಹೇಳಿದ ಪದವೇ. ಒಂದನ್ನು ಇಂಗ್ಲಿಷಿನವರು ಕಿವಿಗೆ ಕೇಳಿದಂತೆ ಬರೆದುಕೊಂಡರು, ಇನ್ನೊಂದನ್ನು ಐರಿಷ್ ಕಾಗುಣಿತದಲ್ಲಿಯೇ ಉಳಿಸಿಕೊಂಡರು. ದೈತ್ಯಕಾಯರಾದ ‘ಫಿರ್‌ಬೋಲ್ಗ್’ ಹೆಸರಿನ ಎರಡನೆಯ ಭಾಗದಲ್ಲಿ ಐರಿಷ್ ಜನ ಲಕಾರ-ಗಕಾರಗಳ ನಡುವೆ ಹಗುರವಾದ ಸ್ವರವನ್ನು ಸೇರಿಸಿ ‘ಬೊಲಗ್’ ಎನ್ನುತ್ತಾರೆ. ‘ಫಿಲ್ಮ್’ ಅನ್ನು ‘ಫಿಲಂ’ ಮಾಡಿಕೊಂಡ ನಮಗೆ ಇದು ಹೊಸದಲ್ಲ.

ಅರಬ್ಬೀ ಮತ್ತು ಜಪಾನೀ

ಸ್ಮಶಾನವಾಸಿ ‘ಗೂಲ್’ ಅರಬ್ಬೀ ಪದ. ಮೊದಲ ವ್ಯಂಜನ ಗಂಟಲಿನ ಉಜ್ಜುಧ್ವನಿ. ಉರ್ದು ಬಲ್ಲವರು ‘ಗಜಲ್’ ಪದದ ಮೊದಲಲ್ಲಿ ಹೇಳುವಂಥದು. ಅದು ನಮ್ಮ ಘಕಾರವಲ್ಲ. ಇಂಗ್ಲಿಷಿನಲ್ಲಿ ಸರಳವಾದ ‘ಗೂಲ್’ ನೆಲೆನಿಂತಿದೆ. ‘ಗೋಲ್’, ‘ಗೌಲ್’ ಸಲ್ಲವು. ಮಂತ್ರಜೀವಿ ‘ಜಿನ್’ ಹೆಸರಿನ ಆರಂಭದಲ್ಲಿ ಡಿ ಅಕ್ಷರ ಕಾಣುವುದು ಫ್ರೆಂಚ್ ಬರವಣಿಗೆಯ ಪ್ರಭಾವದಿಂದ, ಉಚ್ಚಾರಣೆಯಲ್ಲಿ ಅದಿಲ್ಲ. ಅಗ್ನಿಜೀವಿ ‘ಇಫ್ರೀತ್’ನಲ್ಲಿ ಎರಡನೆಯ ಅಕ್ಷರ ದೀರ್ಘ, ಜಲಜೀವಿ ‘ಮಾರಿದ್’ನಲ್ಲಿ ಮೊದಲನೆಯದು ದೀರ್ಘ.

ಜಪಾನೀ ಹೆಸರುಗಳು ಕನ್ನಡಿಗರಿಗೆ ಸುಲಭ. ಹ್ರಸ್ವ-ದೀರ್ಘ ಮತ್ತು ದ್ವಿತ್ವಗಳ ಭೇದ ಎರಡೂ ಭಾಷೆಗಳಲ್ಲಿದೆ. ಕೊಂಬಿನ ದೈತ್ಯ ‘ಒನಿ’. ಇಂಗ್ಲಿಷಿನವರಂತೆ ‘ಓ’ ಎಂದು ಎಳೆಯಬೇಕಿಲ್ಲ. ನೀರಿನಲ್ಲಿ ವಾಸಿಸುವ ‘ಕಪ್ಪ’ವನ್ನು ನಾವು ಕಪ್ಪಕಾಣಿಕೆ ಎನ್ನುವಾಗಿನಂತೆಯೇ ದ್ವಿತ್ವದೊಡನೆ ಹೇಳಬೇಕು. ಹಕ್ಕಿರೂಪದ ‘ತೆಂಗು’ ನಮ್ಮ ತೋಟದ ತೆಂಗಿನಂತೆಯೇ ಕೇಳಿಸುತ್ತದೆ.

ಮೆಕ್ಸಿಕೋದ ಸರ್ಪ

ಗರಿಯುಳ್ಳ ಸರ್ಪ ‘ಕೋಆಟ್ಲ್’ ನಹುವಾಟ್ಲ್ ಭಾಷೆಯ ಪದ, ಅರ್ಥ ಹಾವು. ಆಜ್ಟೆಕ್ ದೇವತೆ ಕೆತ್ಸಾಲ್‌ಕೋಆಟ್ಲ್ ಹೆಸರಿನ ಉತ್ತರಾರ್ಧ ಇದೇ. ಕೊನೆಯ ‘ಟ್ಲ್’ ಒಂದೇ ವ್ಯಂಜನ. ನಾಲಿಗೆಯ ತುದಿಯನ್ನು ತಕಾರಕ್ಕೆಂಬಂತೆ ತಾಗಿಸಿ, ಉಸಿರನ್ನು ನಾಲಿಗೆಯ ಎರಡೂ ಪಕ್ಕಗಳಿಂದ ಧ್ವನಿಯಿಲ್ಲದೆ ಹೊರಬಿಡಬೇಕು. ‘ಕೋಆಟಲ್’ ಎಂದು ಮೂರು ಭಾಗ ಮಾಡಿದರೆ ಮೂಲದಿಂದ ದೂರ ಸರಿದಂತೆ. ಮೂಲದಲ್ಲಿ ಎರಡೇ ಭಾಗ, ಒತ್ತು ಮೊದಲನೆಯದರ ಮೇಲೆ.

ನಹುವಾಟ್ಲ್ ಸತ್ತ ಭಾಷೆಯಲ್ಲ. ಮೆಕ್ಸಿಕೋದಲ್ಲಿ ಇಂದಿಗೂ 15 ಲಕ್ಷಕ್ಕೂ ಹೆಚ್ಚು ಜನ ಅದನ್ನಾಡುತ್ತಾರೆ. ನಮ್ಮ ಅಡುಗೆಮನೆಯ ಟೊಮೆಟೊ ಕೂಡ ಆ ಭಾಷೆಯ ‘ತೊಮತ್ಲ್’. ಸ್ಪ್ಯಾನಿಷ್ ಮೂಲಕ ಬರುವಾಗ ಕೊನೆಯ ವ್ಯಂಜನ ಉದುರಿತು. ಆಟದ ಇನ್ನೊಂದು ಕುಖ್ಯಾತ ಹೆಸರು, ತೊರಕೆ ಮೀನಿನಂತಹ ‘ಇಕ್ಸಿಟ್‌ಜಾಚಿಟಲ್’, ನಹುವಾಟ್ಲ್‌ನಂತೆ ಕಾಣುವ ಕಲ್ಪಿತ ಪದ. ಮೊದಲನೆಯದಕ್ಕೆ ಸಲ್ಲುವ ಎಚ್ಚರಿಕೆ ಎರಡನೆಯದಕ್ಕೆ ಬೇಕಿಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳ ನಂಬಿಕೆಯ ‘ವೆಂಡಿಗೋ’ಗೂ ಅದೇ ಎಚ್ಚರಿಕೆ ಸಲ್ಲಬೇಕು. ಓಜಿಬ್ವೆ ಭಾಷೆಯಲ್ಲಿ ಅದು ‘ವೀಂಡಿಗೂ’.

ಲೇಖಕರು ಕಟ್ಟಿದ ಹೆಸರುಗಳು

ತಾನು ಸೃಷ್ಟಿಸಿದ ಹೆಸರುಗಳ ಉಚ್ಚಾರಣೆಯನ್ನು ಸ್ವತಃ ವಿವರಿಸಿದವರಲ್ಲಿ ಜೆ.ಆರ್.ಆರ್. ಟೋಲ್ಕಿನ್ ಅಗ್ರಗಣ್ಯರು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯ 1955ರಲ್ಲಿ ಬಂದ ಕೊನೆಯ ಸಂಪುಟದ ಅನುಬಂಧದಲ್ಲಿ ನಿಯಮಗಳಿವೆ. ಎಲ್ಫ್ ಭಾಷೆಯ ಹೆಸರುಗಳಲ್ಲಿ ಸಿ ಅಕ್ಷರ ಯಾವಾಗಲೂ ಕಕಾರ. ಆದ್ದರಿಂದ ‘ಕೆಲೆಬಾರ್ನ್’, ‘ಸೆಲೆಬಾರ್ನ್’ ಅಲ್ಲ. ಡಿ-ಎಚ್ ಜೋಡಿಯನ್ನು ಕಂಡೊಡನೆ ಧಕಾರವೆಂದು ಕನ್ನಡಿಗರು ತಿಳಿಯುವುದು ಸಹಜ. ಟೋಲ್ಕಿನ್ ಉದ್ದೇಶಿಸಿದ್ದು ಇಂಗ್ಲಿಷಿನ ‘ದಿಸ್’ ಪದದ ಆರಂಭದ ಮೃದು ಉಜ್ಜುಧ್ವನಿ. ಡ್ರ್ಯಾಗನ್ನಿನ ಹೆಸರು ‘ಸ್ಮೌಗ್’. ‘ಸ್ಮಾಗ್’ ಎಂದರೆ ಹೊಗೆಮಂಜು ಎಂದಾಗುತ್ತದೆ.

ಟೋಲ್ಕಿನ್ ಕೃತಿಗಳ ಹಕ್ಕುದಾರರ ಆಕ್ಷೇಪದಿಂದ ಹೊಸ ಹೆಸರುಗಳೂ ಹುಟ್ಟಿದವು. 1970ರ ದಶಕದ ಉತ್ತರಾರ್ಧದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ‘ಹಾಬಿಟ್’ ‘ಹಾಫ್‌ಲಿಂಗ್’ ಆಯಿತು, ನಡೆದಾಡುವ ಮರವಾದ ‘ಎಂಟ್’ ‘ಟ್ರೀಯೆಂಟ್’ ಆಯಿತು. ಮರವೆಂಬ ಅರ್ಥದ ‘ಟ್ರೀ’ ಮುಂದೆ ಸೇರಿರುವುದನ್ನು ನೆನಪಿಟ್ಟರೆ ಇದನ್ನು ‘ಟ್ರೆಂಟ್’ ಎನ್ನುವ ಪ್ರಮೇಯ ಬಾರದು.

ಎಚ್.ಪಿ. ಲವ್‌ಕ್ರಾಫ್ಟ್ ಅವರ ಸಮುದ್ರದೈತ್ಯನ ಕಥೆ 1928ರಲ್ಲಿ ಪ್ರಕಟವಾಯಿತು. ಅದನ್ನಾಧರಿಸಿದ ‘ಕಾಲ್ ಆಫ್ ಕ್ತುಲು’ ಆಟ 1981ರಲ್ಲಿ ಬಂದಿತು. ಆ ಹೆಸರು ಮನುಷ್ಯರದಲ್ಲದ ಧ್ವನ್ಯಂಗಗಳಿಗೆಂದು ಕಲ್ಪಿಸಿದ್ದು, ಮನುಷ್ಯರ ನಾಲಿಗೆ ಅದನ್ನು ಪೂರ್ತಿ ಹೇಳಲಾರದು ಎಂದು ಲೇಖಕರೇ 1934ರ ಪತ್ರವೊಂದರಲ್ಲಿ ತಿಳಿಸಿದ್ದರು. ಗಂಟಲಿನಿಂದ ಹೊರಡುವ ‘ಖ್ಲುಲ್-ಹ್ಲೂ’ ಎಂಬುದು ಅವರು ಸೂಚಿಸಿದ ಸಮೀಪದ ರೂಪ. ಜನರ ಬಾಯಲ್ಲಿರುವುದು ‘ಕತೂಲು’. ಲೇಖಕರ ಮಾತಿನಂತೆಯೇ ಇಲ್ಲಿ ಪೂರ್ಣ ಶುದ್ಧ ಉಚ್ಚಾರಣೆ ಯಾರಿಗೂ ಸಾಧ್ಯವಿಲ್ಲ.

ನೆಲದಡಿ ಈಜುವ ಶಾರ್ಕ್‌ನಂತಹ ‘ಬೂಲೇ’ 1976ರಲ್ಲಿ ಡ್ರಾಗನ್ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಟಿಮ್ ಕಾಸ್ಕ್ ಅವರ ಲೇಖನಿಯಿಂದ ಬಂದಿತು. ಮೂಲ ಪ್ರೇರಣೆ ಅಗ್ಗದ ಪ್ಲಾಸ್ಟಿಕ್ ಆಟಿಕೆ. ಕಾಗುಣಿತ ನೋಡಿ ಹಲವರು ‘ಬುಲೆಟ್’ ಎನ್ನುತ್ತಾರೆ. ಫ್ರೆಂಚ್‌ನಂತೆ ಕೇಳಿಸುವ ‘ಬೂಲೇ’ ಎಂಬುದು ಆಟದ ವಲಯದಲ್ಲಿ ಪ್ರಮಾಣವೆನಿಸಿದ ರೂಪ. ವಿಚಿತ್ರವೆಂದರೆ ಫ್ರೆಂಚ್ ಭಾಷೆಯ ನಿಯಮದಂತೆ ಆ ಕಾಗುಣಿತಕ್ಕೆ ಕೊನೆಯಲ್ಲಿ ಟಕಾರ ಕೇಳಿಸಲೇಬೇಕು. ಹೀಗೆ ‘ತಪ್ಪು’ ಎನ್ನಲಾಗುವ ರೂಪವೇ ಫ್ರೆಂಚ್‌ಗೆ ಹೆಚ್ಚು ಸಮೀಪ.

ಧಾರ್ಮಿಕ ವಲಯಗಳ ಪ್ರತಿಭಟನೆಯೂ ಹೆಸರುಗಳನ್ನು ಹುಟ್ಟಿಸಿತು. ಆಟದಲ್ಲಿ ಸೈತಾನರಿದ್ದಾರೆಂಬ ಆರೋಪಗಳ ಹಿನ್ನೆಲೆಯಲ್ಲಿ ಎರಡನೆಯ ಆವೃತ್ತಿಯ ಕಾಲದಲ್ಲಿ ‘ಡೀಮನ್’, ‘ಡೆವಿಲ್’ ಪದಗಳನ್ನು ಕೈಬಿಟ್ಟು ‘ಟನಾರ್‌ರಿ’, ‘ಬಾಟೆಜು’ ಎಂಬ ಹೊಸ ಹೆಸರುಗಳನ್ನಿಡಲಾಯಿತು. 2000ದ ಮೂರನೆಯ ಆವೃತ್ತಿಯಲ್ಲಿ ಹಳೆಯ ಹೆಸರುಗಳು ಮರಳಿದವು. ಟನಾರ್‌ರಿ ಹೆಸರಿನ ನಡುವೆ ಬರುವ ಲೋಪಚಿಹ್ನೆ ಬಹುಮಟ್ಟಿಗೆ ಅಲಂಕಾರ, ಕಿರುನಿಲುಗಡೆ ಸಾಕು.

ಹೆಸರೇ ತಪ್ಪಿನಿಂದ ಹುಟ್ಟಿದ ಉದಾಹರಣೆಯೂ ಇದೆ. 2016ರಲ್ಲಿ ಆರಂಭವಾದ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯಿಂದ ಮನೆಮಾತಾದ ‘ಡೆಮೊಗಾರ್ಗನ್’ ಪ್ರಾಚೀನ ದೇವತೆಯಲ್ಲ. ಸೃಷ್ಟಿಕರ್ತನೆಂಬ ಅರ್ಥದ ಗ್ರೀಕ್ ಪದವನ್ನು ಹಸ್ತಪ್ರತಿಯಲ್ಲಿ ತಪ್ಪಾಗಿ ನಕಲು ಮಾಡಿದ್ದರಿಂದ ಈ ಹೆಸರು ಹುಟ್ಟಿತೆಂಬುದು ವಿದ್ವಾಂಸರಲ್ಲಿ ಪ್ರಬಲವಾಗಿರುವ ಅಭಿಪ್ರಾಯ.

ಕಿವಿಗೆ ಬಿದ್ದ ಮೇಲೆ

ದಶಕಗಳ ಕಾಲ ಈ ಹೆಸರುಗಳು ಮುದ್ರಿತ ಪುಟದಲ್ಲಷ್ಟೇ ಇದ್ದವು. ಆಟವನ್ನೇ ನೇರಪ್ರಸಾರ ಮಾಡುವ ‘ಕ್ರಿಟಿಕಲ್ ರೋಲ್’ 2015ರಲ್ಲಿ ಆರಂಭವಾದ ನಂತರ ಸಾವಿರಾರು ಆಟಗಾರರು ಅವನ್ನು ಕಿವಿಯಾರೆ ಕೇಳತೊಡಗಿದರು. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ ‘ಬಾಲ್ಡರ್ಸ್ ಗೇಟ್ 3’ ಗಣಕದಾಟದಲ್ಲಿ ಸಂಭಾಷಣೆಗಳಿಗೆಲ್ಲ ಕಲಾವಿದರ ಧ್ವನಿ ಇದೆ. ಗಕಾರದಿಂದ ಆರಂಭವಾಗುವ ‘ಗಿತ್‌ಯಾಂಕಿ’, ಕೌಗೆ ಪ್ರಾಸವಾದ ‘ಡ್ರೌ’ ಮೊದಲಾದ ರೂಪಗಳು ಇದರಿಂದ ಇನ್ನಷ್ಟು ಗಟ್ಟಿಯಾದವು. ಆದರೂ ನಟರ ಉಚ್ಚಾರಣೆ ಆ ಕೃತಿಯ ಉಚ್ಚಾರಣೆ ಮಾತ್ರ. ಹಳೆಯ ಮೇಜುಗಳ ರೂಢಿಯನ್ನು ಅದು ರದ್ದುಮಾಡುವುದಿಲ್ಲ.

ಕನ್ನಡ ನಾಲಿಗೆಯ ಬಲ ಮತ್ತು ತೊಡಕು

ಕನ್ನಡದಲ್ಲಿ ಹ್ರಸ್ವ-ದೀರ್ಘ ಭೇದ ಅರ್ಥವನ್ನೇ ಬದಲಿಸುತ್ತದೆ, ಒತ್ತಿಗೆ ಅಂಥ ಶಕ್ತಿಯಿಲ್ಲ. ಇಂಗ್ಲಿಷಿನಲ್ಲಿ ಒತ್ತು ಪದದ ಬೆನ್ನೆಲುಬು. ಇಂಗ್ಲಿಷ್ ಕೈಪಿಡಿಗಳಲ್ಲಿ ಹೆಸರಿನ ಒಂದು ಭಾಗವನ್ನು ದೊಡ್ಡಕ್ಷರದಲ್ಲಿ ಮುದ್ರಿಸುವುದು ಅದನ್ನು ಸೂಚಿಸಲೆಂದೇ. ಟಿ-ಎಚ್ ಜೋಡಿಯನ್ನು ನಾವು ಥಕಾರ ಮಾಡುತ್ತೇವೆ. ಮೂಲದಲ್ಲಿ ಅದು ಹಲ್ಲುಗಳ ನಡುವಿನ ಉಜ್ಜುಧ್ವನಿ. ಪದದ ಮೊದಲಿಗೆ ಬರುವ ಎಕ್ಸ್ ಅಕ್ಷರ ‘ಜೈಲೋಫೋನ್’ ಪದದಲ್ಲಿರುವಂತೆ ಜಕಾರ. ಆದ್ದರಿಂದ ಕಲ್ಲು ತಿನ್ನುವ ಜೀವಿ ‘ಜಾರ್ನ್’.

ವ್ಯಂಜನಾಂತ ಪದಗಳಿಗೆ ಉಕಾರ ಸೇರಿಸಿ ‘ಬಸ್ಸು’, ‘ಕಾರು’ ಎನ್ನುವುದು ಕನ್ನಡದ ಜಾಯಮಾನ. ಕನ್ನಡದಲ್ಲಿಯೇ ಆಟ ನಡೆಸುವವರ ಬಾಯಲ್ಲಿ ‘ಲಿಚ್ಚು’, ‘ಗೂಲು’ ಎಂದು ಬಂದರೆ ಅದು ರಕ್ಕಸ ಹುಟ್ಟಿದ ದಾರಿಯೇ. ತಿದ್ದುವ ಅವಶ್ಯಕತೆಯಿಲ್ಲ.

ಮೇಜಿನ ಮರ್ಯಾದೆ

ಆಟ ನಡೆಸುವವರು ಆ ದಿನ ಬರಲಿರುವ ಜೀವಿಗಳ ಹೆಸರನ್ನು ಮನೆಯಲ್ಲಿಯೇ ನಾಲ್ಕು ಬಾರಿ ಗಟ್ಟಿಯಾಗಿ ಹೇಳಿ ನೋಡುವುದು ಒಳ್ಳೆಯದು. ಟಿಪ್ಪಣಿಯಲ್ಲಿ ಹೆಸರಿನ ಪಕ್ಕ ಕನ್ನಡ ಲಿಪಿಯಲ್ಲಿ ಉಚ್ಚಾರಣೆಯನ್ನು ಬರೆದುಕೊಂಡರೆ ಇನ್ನೂ ಅನುಕೂಲ. ಹ್ರಸ್ವ, ದೀರ್ಘ, ದ್ವಿತ್ವಗಳನ್ನು ಇಂಗ್ಲಿಷ್ ಕಾಗುಣಿತಕ್ಕಿಂತ ನಮ್ಮ ಲಿಪಿ ನಿಖರವಾಗಿ ಹಿಡಿದಿಡುತ್ತದೆ.

ಆಟದ ನಡುವೆ ಯಾರಾದರೂ ಬೇರೆ ಬಗೆಯಲ್ಲಿ ಹೇಳಿದರೆ ಕಥೆಯನ್ನು ನಿಲ್ಲಿಸಿ ತಿದ್ದಬಾರದು. ಮುಂದಿನ ಮಾತಿನಲ್ಲಿ ತಾವು ಸರಿಯಾದ ರೂಪವನ್ನು ಬಳಸಿದರೆ ಕೇಳುವವರು ಗ್ರಹಿಸುತ್ತಾರೆ. ನಿಘಂಟಿನಲ್ಲಿರುವ ಹೆಸರಿಗೆ ನಿಘಂಟನ್ನು ನೋಡಿ, ಕಲ್ಪಿತ ಹೆಸರಿಗೆ ಎಲ್ಲರೂ ಒಂದು ರೂಪವನ್ನು ಒಪ್ಪಿಕೊಂಡು ಮುಂದುವರಿಯಿರಿ. ಆದರೆ ಜೀವಂತ ಜನಾಂಗದ ದೇವರೋ ಭೂತವೋ ಆಗಿರುವ ಹೆಸರಿಗೆ, ಆ ಭಾಷೆಯವರು ಮೇಜಿನಲ್ಲಿದ್ದರೆ, ಅವರನ್ನೇ ಕೇಳುವುದು ಸೌಜನ್ಯ. ರಾಕ್ಷಸನ ವಿಷಯದಲ್ಲಿ ನಾವು ಬಯಸುವ ಸೌಜನ್ಯವನ್ನು ಕೋಆಟ್ಲ್‌ಗೂ ಶೀಗೂ ನಾವು ತೋರಬೇಕು.

ಒಂದೇ ನೋಟದಲ್ಲಿ

ಲಿಚ್: ಕೊನೆಯಲ್ಲಿ ಚಕಾರ, ‘ಲಿಕ್’ ಅಲ್ಲ.
ಡ್ರೌ: ‘ಕೌ’ಗೆ ಪ್ರಾಸ; ‘ಡ್ರೋ’ ಎಂಬ ರೂಢಿಯೂ ಉಂಟು.
ವೈವರ್ನ್: ಮೊದಲ ಭಾಗದ ಮೇಲೆ ಒತ್ತು.
ಕೈಮೀರ: ಆರಂಭದಲ್ಲಿ ಕಕಾರ, ನಡುವೆ ಒತ್ತು.
ಟರಾಸ್ಕ್: ಎರಡನೆಯ ಭಾಗದ ಮೇಲೆ ಒತ್ತು.
ಶೀ: ಕಾಗುಣಿತದ ಡಿ-ಎಚ್ ಮೌನ.
ಗೂಲ್: ದೀರ್ಘ ಊಕಾರ.
ಒನಿ: ಎರಡೂ ಹ್ರಸ್ವ.
ಕೋಆಟ್ಲ್: ಎರಡೇ ಭಾಗ.
ಸಹ್ವಾಗಿನ್: ಮೀನುಮೋರೆಯ ಸಮುದ್ರವಾಸಿ, ನಡುವಿನ ‘ಹ್ವಾ’ ಮೇಲೆ ಒತ್ತು.
ಯುವಾನ್-ಟೀ: ಸರ್ಪಮಾನವರು, 1981ರಿಂದ ಆಟದಲ್ಲಿದ್ದಾರೆ.
ಗಿತ್‌ಯಾಂಕಿ: ಆರಂಭದಲ್ಲಿ ಗಕಾರ, ಜಕಾರವಲ್ಲ, ‘ಯಾಂ’ ಮೇಲೆ ಒತ್ತು.
ಬೂಲೇ: ರೂಢಿಯ ರೂಪ, ‘ಬುಲೆಟ್’ ಎಂದವರನ್ನು ನಗದಿರಿ.
ರಾಕ್ಷಸ: ನಾವು ಹೇಳುವಂತೆಯೇ.